ದೂರನಿಯಂತ್ರಕ ಮೌನವಾದಾಗ

ದೂರದರ್ಶನದ ಮುಂದೆ ಕುಳಿತವರು ಕೈಯಲ್ಲಿರುವ ಪುಟ್ಟ ಸಾಧನದ ಗುಂಡಿಯೊಂದನ್ನು ಒತ್ತುತ್ತಾರೆ. ಮರುಕ್ಷಣವೇ ಪರದೆಯ ಮೇಲಿನ ಚಿತ್ರ ಬದಲಾಗುತ್ತದೆ. ಈ ಕಾರ್ಯ ನಮಗೆ ಎಷ್ಟು ರೂಢಿಯಾಗಿಬಿಟ್ಟಿದೆಯೆಂದರೆ, ಬೆರಳಿಗೂ ಪರದೆಗೂ ನಡುವೆ ಏನು ನಡೆಯುತ್ತದೆಂದು ಕೇಳುವವರೇ ವಿರಳ. ಎಂದಾದರೊಂದು ದಿನ ಗುಂಡಿಯನ್ನು ಎಷ್ಟು ಒತ್ತಿದರೂ ಚಿತ್ರ ಕದಲದೆ ನಿಂತಾಗ ಮಾತ್ರ ಆ ಪ್ರಶ್ನೆ ಏಳುತ್ತದೆ. ಆಗಲೂ ಬಹುಮಂದಿ ಉತ್ತರವನ್ನು ಹುಡುಕುವುದಿಲ್ಲ. ಒಬ್ಬರು ಸಾಧನವನ್ನು ಅಂಗೈಗೆ ಬಡಿಯುತ್ತಾರೆ. ಇನ್ನೊಬ್ಬರು ಗುಂಡಿಯನ್ನು ಇಮ್ಮಡಿ ಬಲದಿಂದ ಅದುಮುತ್ತಾರೆ. ಮತ್ತೊಬ್ಬರು ಇದು ಕೆಟ್ಟಿತೆಂದು ತೀರ್ಮಾನಿಸಿ ಅಂಗಡಿಗೆ ಹೊರಡುತ್ತಾರೆ.

ಹೀಗೆ ಹೊರಟವರಲ್ಲಿ ಕೆಲವರು, ಕೆಡದೆ ಇರುವ ವಸ್ತುವನ್ನು ಬಿಸುಟು ಹೊಸದೊಂದಕ್ಕೆ ಹಣ ತೆರುತ್ತಾರೆ. ಬಿಸುಟ ವಸ್ತುವಿನಲ್ಲಿರುವ ತಾಮ್ರ, ತವರ, ಪ್ಲಾಸ್ಟಿಕ್ಕು, ರಾಸಾಯನಿಕಗಳು ಕಸದ ರಾಶಿಯನ್ನು ಸೇರುತ್ತವೆ. ಮನೆಯಲ್ಲಿ ಹಗಲೆಲ್ಲ ಒಂಟಿಯಾಗಿರುವ ಹಿರಿಯರಿಗಂತೂ ಈ ಪುಟ್ಟ ಸಾಧನ ನಿಂತುಹೋದರೆ ಹೊರಲೋಕದ ಕಿಟಕಿಯೊಂದು ಮುಚ್ಚಿದಂತೆಯೇ ಸರಿ. ಆದುದರಿಂದ, ಎಲ್ಲರೂ ರಿಮೋಟ್ ಎಂದು ಕರೆಯುವ ಈ ದೂರನಿಯಂತ್ರಕವು ಏಕೆ ಮೌನವಾಗುತ್ತದೆ, ದೋಷ ಎಲ್ಲಿದೆಯೆಂದು ಅರಿಯುವ ಬಗೆ ಹೇಗೆ ಎಂಬುದನ್ನು ಕ್ರಮವಾಗಿ ವಿಚಾರಿಸುವುದು ವ್ಯರ್ಥ ಕಾರ್ಯವಲ್ಲ.

ಇಲ್ಲಿ ನಾವು ಮುಖ್ಯವಾಗಿ ಗಮನಿಸುವುದು ಅಂತರಜಾಲದಿಂದ ಚಲನಚಿತ್ರ, ಸಂಗೀತ ಮೊದಲಾದವುಗಳನ್ನು ಪಡೆದು ದೂರದರ್ಶನದ ಪರದೆಗೆ ಒದಗಿಸುವ ಸ್ಟ್ರೀಮಿಂಗ್ ಪೆಟ್ಟಿಗೆಯ ರಿಮೋಟನ್ನು. ಅಂಗೈಯಗಲದ ಪೆಟ್ಟಿಗೆಯಾಗಿಯೋ, ದೂರದರ್ಶನದ ಬೆನ್ನಿಗೆ ಸಿಕ್ಕಿಸುವ ಬೆರಳುದ್ದದ ಕಡ್ಡಿಯಾಗಿಯೋ ಇರುವ ಈ ಯಂತ್ರಕ್ಕೆ ಸಾಮಾನ್ಯವಾಗಿ ಗುಂಡಿಗಳೇ ಇರುವುದಿಲ್ಲ. ರಿಮೋಟ್ ಮೌನವಾಯಿತೆಂದರೆ ಯಂತ್ರಕ್ಕೆ ಮಾತು ತಲುಪಿಸುವ ಸಾಮಾನ್ಯ ದಾರಿಯೇ ಮುಚ್ಚಿತು.

ಸಂದೇಶ ಹಿಡಿದ ದಾರಿಗಳು

ರಿಮೋಟ್ ಒಂದು ಸಂದೇಶವಾಹಕ. ಅದು ಯಾವ ದಾರಿಯಲ್ಲಿ ಸಂದೇಶವನ್ನು ಒಯ್ಯುತ್ತದೆಯೋ ಆ ದಾರಿಗೆ ತಕ್ಕ ಅಡ್ಡಿಯೇ ಅದಕ್ಕೆ ಒದಗುತ್ತದೆ. ಈ ಸಾಧನದ ಇತಿಹಾಸವೇ ಈ ಮಾತಿಗೆ ಸಾಕ್ಷಿ.

ನಿಕೋಲ ಟೆಸ್ಲ 1898ರಲ್ಲಿ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಚಿಕ್ಕ ದೋಣಿಯೊಂದನ್ನು ರೇಡಿಯೋ ಅಲೆಗಳಿಂದ ನಡೆಸಿ ತೋರಿಸಿದರು. ಆದರೆ ಮನೆಯೊಳಗೆ ದೂರನಿಯಂತ್ರಣ ಕಾಲಿಟ್ಟದ್ದು ದೂರದರ್ಶನದೊಡನೆ. ಅಮೆರಿಕದ ಜೆನಿತ್ ಸಂಸ್ಥೆ 1950ರಲ್ಲಿ ಹೊರತಂದ ಮೊದಲ ಸಾಧನವನ್ನು ದೂರದರ್ಶನಕ್ಕೆ ಉದ್ದನೆಯ ತಂತಿಯಿಂದ ಜೋಡಿಸಲಾಗಿತ್ತು. ಸಂದೇಶವೇನೋ ತಪ್ಪದೆ ತಲುಪುತ್ತಿತ್ತು. ಆದರೆ ನಡುಮನೆಯಲ್ಲಿ ಹಾದುಹೋದ ತಂತಿಗೆ ಓಡಾಡುವವರ ಕಾಲು ತೊಡರುತ್ತಿತ್ತು. 1955ರಲ್ಲಿ ಅದೇ ಸಂಸ್ಥೆಯ ಯೂಜಿನ್ ಪೋಲಿ ತಂತಿಯನ್ನು ತೊರೆದು ಬೆಳಕನ್ನು ಆಶ್ರಯಿಸಿದರು. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕಿಗೆ ಸ್ಪಂದಿಸುವ ನಾಲ್ಕು ಕೋಶಗಳು. ಕೈಯಲ್ಲೊಂದು ಬ್ಯಾಟರಿ ದೀಪದಂತಹ ಸಾಧನ. ಯಾವ ಮೂಲೆಗೆ ಬೆಳಕು ಬಿಟ್ಟರೆ ಆ ಮೂಲೆಗೆ ನಿಗದಿಯಾದ ಕಾರ್ಯ ನಡೆಯುತ್ತಿತ್ತು. ಆದರೆ ಕಿಟಕಿಯಿಂದ ಬಿದ್ದ ಬಿಸಿಲೂ ಬೆಳಕೇ ತಾನೆ? ಬಿಸಿಲು ಕೋಶದ ಮೇಲೆ ಬಿದ್ದರೆ, ಯಾರೂ ಕೇಳದೆಯೇ ಕಾರ್ಯಕ್ರಮ ಬದಲಾಗುತ್ತಿತ್ತು.

ಮರುವರ್ಷ, 1956ರಲ್ಲಿ, ವಿಯೆನ್ನದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರಾಬರ್ಟ್ ಆಡ್ಲರ್ ಅವರ ಸಾಧನ ಮಾರುಕಟ್ಟೆಗೆ ಬಂದಿತು. ಅದರೊಳಗೆ ಬ್ಯಾಟರಿಯೇ ಇರಲಿಲ್ಲ. ಉದ್ದದಲ್ಲಿ ಸ್ವಲ್ಪ ಸ್ವಲ್ಪವೇ ವ್ಯತ್ಯಾಸವುಳ್ಳ ನಾಲ್ಕು ಅಲ್ಯುಮಿನಿಯಮ್ ಸರಳುಗಳು. ಗುಂಡಿಯನ್ನೊತ್ತಿದರೆ ಪುಟ್ಟ ಸುತ್ತಿಗೆಯೊಂದು ಸರಳನ್ನು ಬಡಿಯುತ್ತಿತ್ತು. ಆಗ ಹೊಮ್ಮುತ್ತಿದ್ದ ನಾದ ಮನುಷ್ಯನ ಕಿವಿಗೆ ನಿಲುಕದಷ್ಟು ಉಚ್ಚವಾದದ್ದು. ದೂರದರ್ಶನ ಅದನ್ನು ಕೇಳಿ ಯಾವ ಸರಳು ಮಿಡಿಯಿತೆಂದು ಗುರುತಿಸುತ್ತಿತ್ತು. ಶ್ರವಣಾತೀತ ಶಬ್ದದ ಈ ವಿಧಾನ ಹಲವು ವರ್ಷ ಆಳಿತು. ಆದರೆ ಬೀಗದಕೈಗಳ ಗೊಂಚಲನ್ನೋ ನಾಣ್ಯಗಳನ್ನೋ ಕುಲುಕಿದರೂ ಅಂತಹ ಶಬ್ದ ಹೊರಡುವುದುಂಟು. ಆಗ ಯಂತ್ರ ಮೋಸಹೋಗುತ್ತಿತ್ತು. 1980ರ ದಶಕದ ವೇಳೆಗೆ ಶಬ್ದದ ಸ್ಥಾನವನ್ನು ಅವಕೆಂಪು ಕಿರಣಗಳು ಆಕ್ರಮಿಸಿದುವು. ಇಂದಿನ ಸ್ಟ್ರೀಮಿಂಗ್ ಪೆಟ್ಟಿಗೆಗಳಲ್ಲಿ ಅವಕೆಂಪು ಕಿರಣವೂ ಉಂಟು, ರೇಡಿಯೋ ಅಲೆಯೂ ಉಂಟು. ಒಂದೇ ರಿಮೋಟಿನಲ್ಲಿ ಎರಡೂ ಇರುವುದುಂಟು.

ತಂತಿಗೆ ಕಾಲು ತೊಡರಿತು, ಬೆಳಕಿಗೆ ಬಿಸಿಲು ಅಡ್ಡಬಂದಿತು, ನಾದಕ್ಕೆ ನಾಣ್ಯ ಅಡ್ಡಬಂದಿತು. ಸಂದೇಶ ಯಾವ ದಾರಿಯಲ್ಲಿ ಸಾಗುತ್ತದೆಂದು ತಿಳಿದವನಿಗೆ ಅದು ಎಲ್ಲಿ ನಿಂತಿರಬಹುದೆಂಬ ಊಹೆ ಸುಲಭ. ದೋಷವನ್ನು ಹುಡುಕುವ ವಿದ್ಯೆಯ ಮೊದಲ ಸೂತ್ರ ಇದೇ.

ಕಾಣದ ಬೆಳಕಿನ ಲಿಪಿ

ವಿಲಿಯಂ ಹರ್ಷಲ್ 1800ರಲ್ಲಿ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಪ್ರತಿಯೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದರು. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿಯೂ ಪಾದರಸ ಏರಿತು. ಅಲ್ಲಿ ಬಿದ್ದ ಅಗೋಚರ ಕಿರಣವೇ ಅವಕೆಂಪು. ನಮ್ಮ ಕಣ್ಣು ಸುಮಾರು 700 ನ್ಯಾನೊಮೀಟರ್ ತರಂಗದೂರದವರೆಗೆ ಬೆಳಕನ್ನು ಚೆನ್ನಾಗಿ ಕಾಣುತ್ತದೆ. ರಿಮೋಟಿನ ತುದಿಯಲ್ಲಿರುವ ಪುಟ್ಟ ಎಲ್.ಇ.ಡಿ. ದೀಪವು ಸಾಮಾನ್ಯವಾಗಿ 940 ನ್ಯಾನೊಮೀಟರ್ ಸುಮಾರಿನ ಕಿರಣವನ್ನು ಸೂಸುತ್ತದೆ.

ಬಿಸಿಲಿನಲ್ಲಿಯೂ, ಮೇಣದ ಬತ್ತಿಯಲ್ಲಿಯೂ, ನಮ್ಮ ದೇಹದಿಂದ ಹೊಮ್ಮುವ ಶಾಖದಲ್ಲಿಯೂ ಅವಕೆಂಪು ಕಿರಣವಿದೆ. ಇವುಗಳ ನಡುವೆ ರಿಮೋಟಿನ ಕಿರಣವನ್ನು ಪೆಟ್ಟಿಗೆ ಗುರುತಿಸುವುದು ಹೇಗೆ? ಇದಕ್ಕಾಗಿ ರಿಮೋಟು ತನ್ನ ಕಿರಣವನ್ನು ಸೆಕೆಂಡಿಗೆ ಸುಮಾರು 38,000 ಬಾರಿ ಮಿನುಗಿಸುತ್ತದೆ. ಪೆಟ್ಟಿಗೆಯೊಳಗಿನ ಗ್ರಾಹಕವು ಇಷ್ಟೇ ವೇಗದಲ್ಲಿ ಮಿನುಗುವ ಬೆಳಕನ್ನು ಮಾತ್ರ ಪರಿಗ್ರಹಿಸಿ, ಮಿನುಗದ ಬಿಸಿಲನ್ನೂ ಬೇರೆ ವೇಗದಲ್ಲಿ ಮಿನುಗುವ ದೀಪಗಳನ್ನೂ ತಳ್ಳಿಹಾಕುತ್ತದೆ. ಸಂತೆಯ ಗದ್ದಲದಲ್ಲಿಯೂ ತಾಯಿ ತನ್ನ ಮಗುವಿನ ಕೂಗನ್ನು ಗುರುತಿಸುವುದಿಲ್ಲವೆ, ಹಾಗೆ.

38,000 ಎಂಬ ಅಂಕೆಯ ಹಿಂದೆ ಒಂದು ಸ್ವಾರಸ್ಯವಿದೆ. ಮೀಡಿಯಂ ವೇವ್ ರೇಡಿಯೋಗಳಲ್ಲಿ ಸೆಕೆಂಡಿಗೆ 4,55,000 ಬಾರಿ ಕಂಪಿಸುವ ಪಿಂಗಾಣಿಯ ಬಿಲ್ಲೆಗಳು ಬಳಕೆಯಲ್ಲಿದ್ದು, ಅವು ಅತಿ ಅಗ್ಗವಾಗಿ ದೊರೆಯುತ್ತಿದ್ದುವು. ಅನೇಕ ರಿಮೋಟುಗಳ ಗಡಿಯಾರವಾಗಿ ಅವೇ ಸೇರಿಕೊಂಡುವು. 4,55,000ವನ್ನು 12ರಿಂದ ಭಾಗಿಸಿದರೆ ಬರುವುದು ಸುಮಾರು 37,900.

ಇನ್ನು ಸಂದೇಶದ ಲಿಪಿ. ಬಹು ಪ್ರಚಲಿತವಾದ ಒಂದು ಪದ್ಧತಿಯನ್ನು ಜಪಾನಿನ ಎನ್.ಇ.ಸಿ. ಸಂಸ್ಥೆ ರೂಪಿಸಿತು. ಅದರಲ್ಲಿ ಮೊದಲು 9 ಮಿಲಿಸೆಕೆಂಡುಗಳ ಮಿನುಗು, ಬಳಿಕ 4.5 ಮಿಲಿಸೆಕೆಂಡುಗಳ ವಿರಾಮ. ಇದು "ಕೇಳು" ಎಂಬ ಎಚ್ಚರಿಕೆ. ಆಮೇಲೆ 32 ಅಂಕಗಳು ಬರುತ್ತವೆ. ಪ್ರತಿಯೊಂದೂ ಸೊನ್ನೆ ಇಲ್ಲವೆ ಒಂದು. ಸೊನ್ನೆಗೆ 1.125 ಮಿಲಿಸೆಕೆಂಡು, ಒಂದಕ್ಕೆ 2.25 ಮಿಲಿಸೆಕೆಂಡು. ಮೊದಲ ಎಂಟು ಅಂಕಗಳು ಯಾವ ಯಂತ್ರಕ್ಕೆ ಎಂಬ ವಿಳಾಸ. ಮುಂದಿನ ಎಂಟು, ಅದೇ ವಿಳಾಸವನ್ನು ಸೊನ್ನೆಯಿದ್ದಲ್ಲಿ ಒಂದು, ಒಂದಿದ್ದಲ್ಲಿ ಸೊನ್ನೆ ಎಂದು ತಿರುವಿ ಬರೆದದ್ದು. ಅನಂತರದ ಎಂಟು ಆಜ್ಞೆ. ಕೊನೆಯ ಎಂಟು ಆಜ್ಞೆಯ ತಿರುವು. ಎರಡೂ ತಾಳೆಯಾಗದಿದ್ದರೆ ಪೆಟ್ಟಿಗೆ ಆ ಸಂದೇಶವನ್ನು ತಿರಸ್ಕರಿಸುತ್ತದೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ತಿರುವು ಜೊತೆಗಿರುವುದರಿಂದ 32 ಅಂಕಗಳಲ್ಲಿ ಯಾವಾಗಲೂ 16 ಸೊನ್ನೆ, 16 ಒಂದು. ಅವುಗಳ ಕಾಲ 18 ಮತ್ತು 36, ಒಟ್ಟು 54 ಮಿಲಿಸೆಕೆಂಡು, ಮುನ್ನೆಚ್ಚರಿಕೆಯ 13.5 ಸೇರಿ 67.5. ಯಾವ ಗುಂಡಿಯನ್ನೇ ಒತ್ತಿರಿ, ಸಂದೇಶದ ಉದ್ದ ಒಂದೇ. ಕಣ್ಣು ಒಮ್ಮೆ ರೆಪ್ಪೆ ಹೊಡೆಯುವುದರೊಳಗೆ ಹೆಸರು, ಆಜ್ಞೆ, ತಪ್ಪಿನ ಪರೀಕ್ಷೆ ಎಲ್ಲವೂ ಮುಗಿದಿರುತ್ತವೆ.

ರೇಡಿಯೋ ಅಲೆಯ ಒಪ್ಪಂದ

ಅವಕೆಂಪು ಕಿರಣ ಬೆಳಕಿನ ಜಾತಿಯದು; ಗೋಡೆಯನ್ನು ದಾಟದು. ದೂರದರ್ಶನದ ಬೆನ್ನಿಗೆ ಸಿಕ್ಕಿಸಿದ ಕಡ್ಡಿಗೆ ಮುಂದೆ ಕುಳಿತವರ ಕಿರಣ ಕಾಣುವುದೇ ಇಲ್ಲ. ಆದುದರಿಂದ ಅಮೆಜಾನ್ ಸಂಸ್ಥೆಯ ಫೈರ್ ಟಿವಿ ಕಡ್ಡಿ, ಆಪಲ್ ಟಿವಿ ಮುಂತಾದುವುಗಳ ರಿಮೋಟು ಬ್ಲೂಟೂತ್ ಎಂಬ ರೇಡಿಯೋ ವಿಧಾನವನ್ನು ಅನುಸರಿಸುತ್ತದೆ. ಅಮೆರಿಕದಲ್ಲಿ ಬಹುವಾಗಿ ಬಳಕೆಯಲ್ಲಿರುವ ರೋಕು ಪೆಟ್ಟಿಗೆಗಳ ಸರಳ ರಿಮೋಟು ಅವಕೆಂಪಿನದು. ಮೇಲುದರ್ಜೆಯದು ವೈಫೈ ಅಲೆಯದು.

ಬ್ಲೂಟೂತ್ ಅಲೆಗಳ ಆವೃತ್ತಿ ಸೆಕೆಂಡಿಗೆ ಸುಮಾರು 240 ಕೋಟಿ. ಈ ಅಲೆ ಸೋಫಾದ ಹಿಂದಿನಿಂದಲೂ ತಲುಪುತ್ತದೆ. ಆದರೆ ಗೋಡೆಯಾಚೆಗೆ ಹೋಗಬಲ್ಲ ಅಲೆಯಿಂದ ಒಂದು ತೊಡಕೂ ಉಂಟು: ನೆರೆಮನೆಯ ರಿಮೋಟು ನಮ್ಮ ಪೆಟ್ಟಿಗೆಯನ್ನು ಆಳಬಾರದಲ್ಲವೆ? ಅದಕ್ಕಾಗಿ ಪೆಟ್ಟಿಗೆಯೂ ರಿಮೋಟೂ ಮೊದಲ ಭೇಟಿಯಲ್ಲಿಯೇ ಒಂದು ಗುಪ್ತ ಸಂಕೇತವನ್ನು ಹಂಚಿಕೊಂಡು, ಎರಡೂ ತಮ್ಮ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತವೆ. ಇದಕ್ಕೆ ಜೋಡಣೆ ಎಂದು ಹೆಸರು. ಇಬ್ಬರಲ್ಲಿ ಒಬ್ಬರು ಸಂಕೇತವನ್ನು ಮರೆತರೂ ಸಂಭಾಷಣೆ ಮುರಿದುಬೀಳುತ್ತದೆ. ಅವಕೆಂಪಿನ ರಿಮೋಟಿಗೆ ಈ ರೋಗವಿಲ್ಲ. ಅದು ಯಾರನ್ನೂ ನೆನಪಿಡಬೇಕಾಗಿಲ್ಲ.

ಸರಪಣಿಯನ್ನು ಅರ್ಧಿಸುವುದು

ಬೆರಳಿನಿಂದ ಪರದೆಯವರೆಗೆ ಒಂದು ಸರಪಣಿ ಇದೆಯೆನ್ನೋಣ: ಗುಂಡಿ, ವಿದ್ಯುತ್ಕೋಶ, ರಿಮೋಟಿನ ಮಂಡಲ, ದೀಪ ಅಥವಾ ರೇಡಿಯೋ ಪ್ರೇಷಕ, ನಡುವಿನ ಜಾಗ, ಗ್ರಾಹಕ, ಪೆಟ್ಟಿಗೆಯ ಗಣಕ, ಪರದೆ. ಕೊಂಡಿಗಳು ಎಂಟು. ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ಏಳೆಂಟು ಪರೀಕ್ಷೆಗಳಾದಾವು. ನಡುವೆ ಒಂದು ಪ್ರಶ್ನೆ ಕೇಳಿ ಸರಪಣಿಯ ಅರ್ಧವನ್ನು ನಿರ್ದೋಷವೆಂದು ಬಿಟ್ಟರೆ ನಾಲ್ಕು ಉಳಿಯುತ್ತವೆ, ಮತ್ತೊಂದು ಪ್ರಶ್ನೆಗೆ ಎರಡು, ಮೂರನೆಯದಕ್ಕೆ ಒಂದು. ನುರಿತ ಮೆಕಾನಿಕ್ ಬೇಗ ದೋಷವನ್ನು ಹಿಡಿಯುವುದು ಮಂತ್ರದಿಂದಲ್ಲ, ಈ ಉಪಾಯದಿಂದ. ಇದರೊಡನೆ ಇನ್ನೊಂದು ನಿಯಮವನ್ನು ಪಾಲಿಸಬೇಕು: ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಕೋಶವನ್ನೂ ಬದಲಿಸಿ, ಪೆಟ್ಟಿಗೆಯನ್ನೂ ಆರಿಸಿ, ಜೋಡಣೆಯನ್ನೂ ಹೊಸದಾಗಿ ಮಾಡಿದರೆ ಯಂತ್ರ ನಡೆದೀತು. ಆದರೆ ಯಾವುದರಿಂದ ನಡೆಯಿತೆಂದು ತಿಳಿಯದು. ಮುಂದಿನ ಬಾರಿ ಮತ್ತೆ ಕತ್ತಲೆಯೇ.

ಮೊದಲ ಪ್ರಶ್ನೆ: ಪೆಟ್ಟಿಗೆ ಬದುಕಿದೆಯೆ? ಈ ಪೆಟ್ಟಿಗೆಗಳನ್ನು ಮೊಬೈಲ್ ಫೋನಿನಿಂದಲೂ ಆಳಬಹುದು. ತಯಾರಕರೇ ಅದಕ್ಕೆ ಬೇಕಾದ ಆ್ಯಪ್ ಒದಗಿಸಿರುತ್ತಾರೆ. ಫೋನೂ ಪೆಟ್ಟಿಗೆಯೂ ಒಂದೇ ವೈಫೈ ಜಾಲದಲ್ಲಿರಬೇಕು. ಫೋನಿನ ಮಾತನ್ನು ಪೆಟ್ಟಿಗೆ ಕೇಳಿದರೆ ಗಣಕ, ಪರದೆ ಎರಡೂ ಆರೋಗ್ಯದಿಂದಿವೆ. ದೋಷ ರಿಮೋಟಿನಲ್ಲೋ ದಾರಿಯಲ್ಲೋ ಗ್ರಾಹಕದಲ್ಲೋ ಇದೆ. ಫೋನಿನ ಮಾತನ್ನೂ ಕೇಳದೆ, ಪರದೆಯ ಚಿತ್ರ ಕಲ್ಲಾಗಿ ನಿಂತಿದ್ದರೆ ರಿಮೋಟನ್ನು ದೂರುವುದು ಅನ್ಯಾಯ. ಪೆಟ್ಟಿಗೆಯ ಗಣಕ ಯಾವುದೋ ಲೆಕ್ಕದಲ್ಲಿ ಸಿಕ್ಕಿಬಿದ್ದಿದೆ. ವಿದ್ಯುತ್ತಿನ ಸಂಬಂಧವನ್ನು ಕಿತ್ತು ಒಂದು ನಿಮಿಷ ಕಾದು ಮತ್ತೆ ಜೋಡಿಸಬೇಕು. ಈ ಕಾಯುವಿಕೆ ಮೂಢನಂಬಿಕೆಯಲ್ಲ. ಒಳಗಿನ ಧಾರಕಗಳಲ್ಲಿ ಉಳಿದ ವಿದ್ಯುದಂಶ ಇಳಿದು ಸ್ಮೃತಿ ಪೂರ್ತಿ ಅಳಿಯುವುದಕ್ಕೆ ಸ್ವಲ್ಪ ಕಾಲ ಬೇಕು.

ಇದೇ ಪೆಟ್ಟಿಗೆ ಪದೇ ಪದೇ ಹೀಗೆ ಸ್ತಬ್ಧವಾಗುತ್ತಿದ್ದರೆ ಅದರ ಆಹಾರವನ್ನು ವಿಚಾರಿಸಬೇಕು. ಅನೇಕರು ಸ್ಟ್ರೀಮಿಂಗ್ ಕಡ್ಡಿಗೆ ದೂರದರ್ಶನದ ಯು.ಎಸ್.ಬಿ. ರಂಧ್ರದಿಂದಲೇ ವಿದ್ಯುತ್ತು ಕೊಡುತ್ತಾರೆ. ಹಳೆಯ ರೀತಿಯ ಅಂತಹ ರಂಧ್ರ ಕೊಡಬಲ್ಲದ್ದು ಅರ್ಧ ಆಂಪಿಯರ್. ಕಡ್ಡಿಗೆ ಬೇಕಾದದ್ದು ಅನೇಕ ವೇಳೆ ಒಂದು ಆಂಪಿಯರ್. ಹಸಿದವನು ಕೆಲಸದ ನಡುವೆ ತಲೆಸುತ್ತಿ ಬೀಳುವಂತೆ ಯಂತ್ರವೂ ನಿಲ್ಲುತ್ತದೆ. ಜೊತೆಯಲ್ಲಿ ಬಂದ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿದರೆ ರೋಗ ವಾಸಿಯಾಗುವುದುಂಟು.

ಎರಡನೆಯ ಪ್ರಶ್ನೆ: ರಿಮೋಟು ಬೆಳಕಿನದೋ, ರೇಡಿಯೋದ್ದೋ? ಕೈಪಿಡಿಯಲ್ಲಿ ಉತ್ತರವಿರುತ್ತದೆ. ಕೈಪಿಡಿ ಕಳೆದಿದ್ದರೆ ಫೋನಿನ ಕ್ಯಾಮೆರಾವೇ ಉತ್ತರ ಹೇಳೀತು. ಕ್ಯಾಮೆರಾದ ಸಿಲಿಕಾನ್ ಪಟಲಕ್ಕೆ ಅವಕೆಂಪು ಕಿರಣವೂ ಕಾಣುತ್ತದೆ. ಕೋಣೆಯನ್ನು ಕತ್ತಲೆ ಮಾಡಿ, ರಿಮೋಟಿನ ತುದಿಯನ್ನು ಕ್ಯಾಮೆರಾಕ್ಕೆ ತೋರಿಸಿ ಗುಂಡಿಯನ್ನೊತ್ತಿದರೆ ಫೋನಿನ ಪರದೆಯಲ್ಲಿ ನೇರಿಳೆ ಮಿಶ್ರಿತ ಬಿಳಿಯ ಮಿನುಗು ಕಾಣುವುದು. ಫೋನಿನ ಹಿಂಬದಿಯ ಕ್ಯಾಮೆರಾಕ್ಕೆ ಅವಕೆಂಪನ್ನು ತಡೆಯುವ ಶೋಧಕವಿರುವುದು ಸಾಮಾನ್ಯ. ಆದುದರಿಂದ ಮುಂಬದಿಯ ಕ್ಯಾಮೆರಾದಿಂದಲೂ ನೋಡಬೇಕು. ಕೆಟ್ಟಿಲ್ಲವೆಂದು ಖಚಿತವಾಗಿರುವ ಬೇರೊಂದು ರಿಮೋಟಿನಿಂದ ಕ್ಯಾಮೆರಾವನ್ನೇ ಮೊದಲು ಪರೀಕ್ಷಿಸುವುದು ಉತ್ತಮ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಿನುಗು ಕಂಡರೆ ಕೋಶ, ಮಂಡಲ, ದೀಪ ಮೂರೂ ಬದುಕಿವೆಯೆನ್ನಬಹುದು. ಆದರೆ ಮಿನುಗು ಕಾಣದಿದ್ದಮಾತ್ರಕ್ಕೆ ರಿಮೋಟು ಸತ್ತಿದೆಯೆನ್ನಲಾಗದು. ಬ್ಲೂಟೂತ್ ರಿಮೋಟಿನಲ್ಲಿ ಮಿನುಗುವ ಕಾರಣವೇ ಇಲ್ಲ. ಈ ಭೇದವನ್ನರಿಯದೆ ಆರೋಗ್ಯವಾದ ರಿಮೋಟನ್ನು ಎಸೆಯುವ ಸಂಭವವುಂಟು. ಫೈರ್ ಟಿವಿಯ ರಿಮೋಟಿನಲ್ಲಿ ಚಿತ್ರಗಳ ನಡುವೆ ಓಡಾಡುವ ಗುಂಡಿಗಳು ಬ್ಲೂಟೂತಿನಿಂದ ಪೆಟ್ಟಿಗೆಯೊಡನೆ ಮಾತಾಡುತ್ತವೆ. ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಗಳು ಅವಕೆಂಪಿನಿಂದ ನೇರವಾಗಿ ದೂರದರ್ಶನದೊಡನೆ ಮಾತಾಡುತ್ತವೆ. ಹೀಗಿರಲಾಗಿ, ಧ್ವನಿಯ ಗುಂಡಿ ಒತ್ತಿದಾಗ ತುದಿ ಮಿನುಗಿ, ಚಿತ್ರ ಮಾತ್ರ ಕದಲದಿದ್ದರೆ ಕೋಶ ಪೂರ್ತಿ ಬರಿದಾಗಿಲ್ಲ. ಸಂಶಯ ಜೋಡಣೆಯ ಮೇಲೆ ಬೀಳುತ್ತದೆ. ಒಂದೇ ಸಾಧನದ ಎರಡು ನಾಲಗೆಗಳಲ್ಲಿ ಒಂದು ಮಾತ್ರ ನಿಂತಿದೆಯೆಂದು ತಿಳಿಯುವುದೇ ಅರ್ಧ ಚಿಕಿತ್ಸೆ.

ಕೋಶಗಳ ಕಪಟ

"ಸೆಲ್ಲುಗಳನ್ನು ಅಳೆದು ನೋಡಿದೆವು, ಸರಿಯಾಗಿಯೇ ಇವೆ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಹೊಸ ಶುಷ್ಕಕೋಶದ ಒತ್ತಡ ಸುಮಾರು 1.5 ವೋಲ್ಟ್, ಎರಡಕ್ಕೆ 3. ಹಳೆಯದಾದಂತೆ ಇದು ನಿಧಾನವಾಗಿ ಕುಗ್ಗುತ್ತದೆ. ಆದರೆ ಕೋಶದ ಆಂತರಿಕ ರೋಧ ಹೆಚ್ಚುತ್ತ ಹೋಗುತ್ತದೆ. ಎರಡು ಹಳೆಯ ಕೋಶಗಳು ವಿಶ್ರಾಂತಿಯಲ್ಲಿ 2.6 ವೋಲ್ಟ್ ತೋರಿಸುತ್ತವೆ, ಅವುಗಳ ಒಟ್ಟು ಆಂತರಿಕ ರೋಧ 5 ಓಮ್ ಎಂದು ಭಾವಿಸೋಣ. ಅವಕೆಂಪಿನ ದೀಪ ಮಿನುಗುವಾಗ ಕ್ಷಣಕಾಲ 0.1 ಆಂಪಿಯರ್ ಸೆಳೆದರೆ, ಓಮನ ನಿಯಮದಂತೆ ಕೋಶದೊಳಗೇ 0.5 ವೋಲ್ಟ್ ನಷ್ಟವಾಗಿ ಹೊರಗೆ ಉಳಿಯುವುದು 2.1. ಅಷ್ಟರಲ್ಲಿ ಮಂಡಲ ತತ್ತರಿಸಬಹುದು. ಸುಮ್ಮನೆ ಕುಳಿತವನ ನಾಡಿ ಹಿಡಿದು ಅವನು ಬೆಟ್ಟ ಹತ್ತಬಲ್ಲನೆಂದು ಹೇಳಲಾಗದಷ್ಟೆ. ಆದುದರಿಂದ ಅಳೆಯುವುದಕ್ಕಿಂತ ಹೊಸ ಕೋಶಗಳನ್ನು ಹಾಕಿ ನೋಡುವುದೇ ನಿಜವಾದ ಪರೀಕ್ಷೆ. ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದು ಇದ್ದರೆ ಹಳೆಯದು ಬೇಗ ಬರಿದಾಗಿ ಸೋರುವ ಅಪಾಯವುಂಟು. ಮತ್ತೆ ಮತ್ತೆ ತುಂಬಿಸಬಹುದಾದ ನಿಕೆಲ್ ಕೋಶಗಳ ಒತ್ತಡ 1.2 ವೋಲ್ಟ್ ಮಾತ್ರ. ಎಲ್ಲ ರಿಮೋಟುಗಳಿಗೂ ಅವು ಒಗ್ಗುವುದಿಲ್ಲ.

ರಿಮೋಟನ್ನು ಅಂಗೈಗೆ ಬಡಿದರೆ ಕೆಲವು ವೇಳೆ ಅದು ಮತ್ತೆ ನಡೆಯುವುದೂ ನಿಜ. ಕೋಶವನ್ನು ಹಿಡಿದಿರುವ ಸುರುಳಿಯ ಮೇಲೆ ತೆಳುವಾದ ಆಕ್ಸೈಡ್ ಪೊರೆ ಬೆಳೆದಿರುತ್ತದೆ. ಮಳೆಗಾಲದ ತೇವದಲ್ಲಿ, ವಿಶೇಷವಾಗಿ ಕರಾವಳಿಯಲ್ಲಿ, ಇದು ಬೇಗ ಬೆಳೆಯುತ್ತದೆ. ಪೆಟ್ಟಿಗೆ ಕೋಶ ಸ್ವಲ್ಪ ಜರುಗಿ ಪೊರೆ ಗೀರಿಹೋಗುತ್ತದೆ, ವಿದ್ಯುತ್ತು ಹರಿಯುತ್ತದೆ. ಆದರೆ ಬಡಿತ ಔಷಧವಲ್ಲ. ಅದೇ ಪೆಟ್ಟಿಗೆ ಒಳಗಿನ ಪಿಂಗಾಣಿಯ ಬಿಲ್ಲೆ ಬಿರಿದರೆ ರಿಮೋಟಿನ ಗಡಿಯಾರವೇ ನಿಲ್ಲುತ್ತದೆ. ಕೋಶಗಳನ್ನು ಬೆರಳಿನಿಂದ ಇದ್ದಲ್ಲಿಯೇ ನಾಲ್ಕು ಸುತ್ತು ಹೊರಳಿಸಿದರೆ ಪೆಟ್ಟಿಲ್ಲದೆಯೇ ಪೊರೆ ಕಳಚುತ್ತದೆ.

ಸುರುಳಿಯ ಬಳಿ ಬಿಳಿಯ ಪುಡಿ ಕಂಡರೆ ಕೋಶ ಸೋರಿದೆಯೆಂದು ಅರ್ಥ. ಆಲ್ಕಲೈನ್ ಕೋಶದೊಳಗೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರವಿದೆ. ಬರಿದಾದ ಕೋಶದಲ್ಲಿ ಜಲಜನಕ ಅನಿಲ ಹುಟ್ಟಿ ಒತ್ತಡವೇರಿ ಮುದ್ರೆ ಒಡೆದಾಗ ಕ್ಷಾರ ಹೊರಬರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಪೊಟ್ಯಾಸಿಯಮ್ ಕಾರ್ಬೊನೇಟಿನ ಬಿಳಿ ಪುಡಿಯಾಗುತ್ತದೆ. ಇದು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು; ಬರಿಗೈಯಿಂದ ಮುಟ್ಟಬಾರದು. ಹತ್ತಿಯನ್ನು ನಿಂಬೆಯ ರಸದಲ್ಲೋ ವಿನೆಗರಿನಲ್ಲೋ ಅದ್ದಿ ಒರೆಸಿದರೆ ಸಣ್ಣಗೆ ನೊರೆಯೆದ್ದು ಕ್ಷಾರ ತಟಸ್ಥವಾಗುತ್ತದೆ. ಬಳಿಕ ಒದ್ದೆ ಹತ್ತಿಯಿಂದ ಆಮ್ಲವನ್ನೂ ಒರೆಸಿ, ಚೆನ್ನಾಗಿ ಒಣಗಿಸಿ, ಹೊಸ ಕೋಶ ಹಾಕಬೇಕು. ಎಷ್ಟೋ ರಿಮೋಟುಗಳು ಇಷ್ಟಕ್ಕೇ ಮರುಜೀವ ಪಡೆಯುತ್ತವೆ. ಬಿಲ್ಲೆಯಾಕಾರದ ಲಿಥಿಯಮ್ ಕೋಶ ಹಾಕುವ ರಿಮೋಟುಗಳೂ ಉಂಟು. ಅಂತಹ ಕೋಶವನ್ನು ಮಗು ನುಂಗಿದರೆ ಎರಡು ಗಂಟೆಗಳೊಳಗೇ ಅನ್ನನಾಳ ಸುಡಬಹುದು. ಸಂಶಯ ಬಂದ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಗುಂಡಿಯ ಅಡಿಯಲ್ಲಿ

ಒಂದೆರಡು ಗುಂಡಿಗಳು ಮಾತ್ರ ನಡೆಯದಿದ್ದರೆ ಕೋಶವನ್ನು ಶಂಕಿಸಬೇಕಾಗಿಲ್ಲ. ಅನೇಕ ರಿಮೋಟುಗಳಲ್ಲಿ ರಬ್ಬರಿನ ಗುಂಡಿಯ ಅಡಿಯಲ್ಲಿ ಇಂಗಾಲ ಬೆರೆಸಿದ ಕಪ್ಪು ಬಿಲ್ಲೆಯೊಂದಿದೆ. ಒತ್ತಿದಾಗ ಅದು ಹಲಗೆಯ ಮೇಲಿನ ಎರಡು ಗೆರೆಗಳನ್ನು ಕೂಡಿಸುತ್ತದೆ. ಕೈಯ ಜಿಡ್ಡು, ಚೆಲ್ಲಿದ ಚಹಾ, ರಬ್ಬರಿನಿಂದಲೇ ಒಸರುವ ಎಣ್ಣೆ ಇವೆಲ್ಲ ಸೇರಿ ಆ ಸಂಪರ್ಕವನ್ನು ಕೆಡಿಸುತ್ತವೆ. ಹೆಚ್ಚು ಬಳಸುವ ಗುಂಡಿಯೇ ಮೊದಲು ಕೆಡುವುದು ಇದರಿಂದಲೇ. ಕೋಶ ತೆಗೆದು, ಕವಚ ಬಿಚ್ಚಿ, ಐಸೊಪ್ರೊಪೈಲ್ ಮದ್ಯಸಾರದಿಂದ ಮೃದುವಾಗಿ ಒರೆಸಿದರೆ ಗುಂಡಿ ಸರಿಹೋದೀತು. ರಿಮೋಟಿನಲ್ಲಿರುವುದು 3 ವೋಲ್ಟ್ ಮಾತ್ರವಾದುದರಿಂದ ವಿದ್ಯಾರ್ಥಿಗಳು ನಿರ್ಭಯವಾಗಿ ಬಿಚ್ಚಬಹುದು. ಗೋಡೆಯ ವಿದ್ಯುತ್ತಿಗೆ ಸೇರಿದ ಪೆಟ್ಟಿಗೆಯನ್ನಾಗಲಿ ಅಡಾಪ್ಟರನ್ನಾಗಲಿ ಬಿಚ್ಚಬಾರದು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಒಂದು ಗುಂಡಿ ಒಳಗೆ ಸಿಕ್ಕಿಕೊಂಡು ಮೇಲೇಳದಿದ್ದರೆ ಮಂಡಲ ಅದೇ ಆಜ್ಞೆಯಲ್ಲಿ ತೊಡಗಿರುತ್ತದೆ. ಉಳಿದ ಗುಂಡಿಗಳ ಕೂಗು ಅದಕ್ಕೆ ಕೇಳದು. ಹೊಸ ಕೋಶಗಳೂ ಕೆಲವೇ ದಿನಗಳಲ್ಲಿ ಬರಿದಾಗುತ್ತಿದ್ದರೆ ಇಂತಹ ಗುಂಡಿಯನ್ನು ಹುಡುಕಬೇಕು. ಮನೆಯಲ್ಲಿ ಹಳೆಯ ಮೀಡಿಯಂ ವೇವ್ ರೇಡಿಯೋ ಇದ್ದರೆ, ನಿಲ್ದಾಣವಿಲ್ಲದ ಕಡೆಗೆ ಮುಳ್ಳನ್ನು ತಿರುಗಿಸಿ ಅವಕೆಂಪಿನ ರಿಮೋಟನ್ನು ಅದರ ಪಕ್ಕಕ್ಕೆ ಹಿಡಿಯಿರಿ. ಗುಂಡಿಯನ್ನೊತ್ತಿದಾಗ ಅನೇಕ ವೇಳೆ ರೇಡಿಯೋದಲ್ಲಿ ಗುರುಗುಟ್ಟುವ ಶಬ್ದ ಕೇಳುತ್ತದೆ. ಯಾವ ಗುಂಡಿಯನ್ನೂ ಒತ್ತದಿರುವಾಗಲೇ ಆ ಶಬ್ದ ಕೇಳಿಬಂದರೆ ಅಪರಾಧಿ ಸಿಕ್ಕಿದಂತೆಯೇ.

ದಾರಿಯ ಅಡ್ಡಿಗಳು

ರಿಮೋಟು ಮಿನುಗುತ್ತದೆ, ಪೆಟ್ಟಿಗೆಯೂ ಬದುಕಿದೆ. ಆದರೂ ಕೆಲಸ ನಡೆಯದು. ಆಗ ನಡುವಿನ ಜಾಗವನ್ನು ಪರಿಶೀಲಿಸಬೇಕು. ಪೆಟ್ಟಿಗೆಯ ಹತ್ತಿರ ಹೋಗಿ ಒತ್ತಿ ನೋಡಿರಿ. ದೂರ ಇಮ್ಮಡಿಯಾದರೆ ಬೆಳಕಿನ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಹತ್ತಿರದಲ್ಲಿ ನಡೆದು ದೂರದಲ್ಲಿ ನಡೆಯದಿದ್ದರೆ ದೀಪ ಮಂಕಾಗಿದೆ, ಇಲ್ಲವೆ ಗ್ರಾಹಕಕ್ಕೆ ಏನೋ ಕಣ್ಣು ಕುಕ್ಕುತ್ತಿದೆ. ಕಿಟಕಿಯ ಬಿಸಿಲು ನೇರವಾಗಿ ಗ್ರಾಹಕದ ಮೇಲೆ ಬಿದ್ದರೆ, ಅದು ಮಿನುಗದ ಬೆಳಕಾದರೂ, ಗ್ರಾಹಕ ತುಂಬಿತುಳುಕಿ ಮಿನುಗನ್ನು ಕಾಣಲಾರದು. ಕೆಲವು ಪ್ರತಿದೀಪ್ತಿ ದೀಪಗಳು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಮಿನುಗುತ್ತ ರಿಮೋಟಿನ ವೇಗಕ್ಕೆ ಸಮೀಪ ಬರುತ್ತವೆ. ಆ ಗದ್ದಲದಿಂದ ತಪ್ಪಿಸಿಕೊಳ್ಳಲು ಗ್ರಾಹಕ ತನ್ನ ಶ್ರವಣಶಕ್ತಿಯನ್ನೇ ಕುಗ್ಗಿಸಿಕೊಳ್ಳುತ್ತದೆ. ಪರದೆ ಎಳೆದು, ದೀಪ ಆರಿಸಿ ನೋಡಿದರೆ ಇದು ತಿಳಿಯುತ್ತದೆ.

ರೇಡಿಯೋ ರಿಮೋಟಿನ ಅಡ್ಡಿಗಳು ಬೇರೆ. ವೈಫೈ ಜಾಲಗಳು, ಮೈಕ್ರೋವೇವ್ ಒಲೆ ಮೊದಲಾದುವುಗಳ ಅಲೆಗಳೂ ಬ್ಲೂಟೂತಿನ ಬೀದಿಯಲ್ಲಿಯೇ ಸಂಚರಿಸುತ್ತವೆ. ಮೇಲಾಗಿ, ದೂರದರ್ಶನದ ಲೋಹದ ಬೆನ್ನಿಗೆ ಅಂಟಿಕೊಂಡ ಕಡ್ಡಿಗೆ ಅಲೆ ತಲುಪುವುದೇ ಕಷ್ಟ. ಇದಕ್ಕಾಗಿಯೇ ಅಮೆಜಾನ್ ತನ್ನ ಕಡ್ಡಿಯೊಡನೆ ಗೇಣುದ್ದಕ್ಕೂ ಕಡಮೆಯಾದ ಒಂದು ಜೋಡುತಂತಿಯನ್ನು ಕೊಡುತ್ತದೆ. ಬಹುಮಂದಿ ಅದನ್ನು ಅನಾವಶ್ಯಕವೆಂದು ಡಬ್ಬಿಯಲ್ಲಿಯೇ ಬಿಟ್ಟಿರುತ್ತಾರೆ. ಅದರಿಂದ ಕಡ್ಡಿಯನ್ನು ಲೋಹದಿಂದ ಸ್ವಲ್ಪ ದೂರ ಸರಿಸಿದಮಾತ್ರಕ್ಕೇ ತಡೆದು ತಡೆದು ನಡೆಯುತ್ತಿದ್ದ ರಿಮೋಟು ಸರಾಗವಾಗಿ ನಡೆಯುವುದುಂಟು.

ಮರೆತ ಸಂಕೇತ

ಹೊಸ ಕೋಶ ಹಾಕಿ, ಹತ್ತಿರ ಹೋಗಿ, ಪೆಟ್ಟಿಗೆಯನ್ನೂ ಒಮ್ಮೆ ಆರಿಸಿ ಹೊತ್ತಿಸಿದ ಮೇಲೆಯೂ ಬ್ಲೂಟೂತ್ ರಿಮೋಟು ಮೌನವಾಗಿದ್ದರೆ, ಗುಪ್ತ ಸಂಕೇತ ಮರೆತಿದೆಯೆಂದು ಊಹಿಸಬಹುದು. ಜೋಡಣೆಯನ್ನು ಹೊಸದಾಗಿ ಮಾಡುವ ಬಗೆ ಯಂತ್ರಕ್ಕೊಂದು. ಫೈರ್ ಟಿವಿಯಲ್ಲಿ ಮನೆಯ ಚಿತ್ರವಿರುವ ಗುಂಡಿಯನ್ನು 10 ಸೆಕೆಂಡು ಒತ್ತಿಹಿಡಿಯಬೇಕು. ಆಪಲ್ ಟಿವಿಯ ರಿಮೋಟಿನಲ್ಲಿ, ಪೆಟ್ಟಿಗೆಯ ಹತ್ತಿರ ಹಿಡಿದು, ಹಿಂದಕ್ಕೆ ಹೋಗುವ ಗುಂಡಿಯನ್ನೂ ಧ್ವನಿಯೇರಿಸುವ ಗುಂಡಿಯನ್ನೂ ಒಟ್ಟಿಗೆ ಕೆಲವು ಸೆಕೆಂಡು ಒತ್ತಬೇಕು. ರೋಕು ರಿಮೋಟಿನಲ್ಲಿ ಇದಕ್ಕೆಂದೇ ಒಂದು ಗುಂಡಿ ಉಂಟು; ಅನೇಕ ಮಾದರಿಗಳಲ್ಲಿ ಅದು ಕೋಶಗಳ ಗೂಡಿನಲ್ಲಿರುತ್ತದೆ.

ಒಂದು ವಿಚಿತ್ರ ಇಕ್ಕಟ್ಟನ್ನೂ ಇಲ್ಲಿ ಹೇಳಬೇಕು. ಮನೆಯ ವೈಫೈ ಹೆಸರು ಬದಲಾಗಿದೆ, ರಿಮೋಟೂ ಕೆಟ್ಟಿದೆ ಎನ್ನೋಣ. ಹೊಸ ಹೆಸರನ್ನು ತಿಳಿಸಲು ರಿಮೋಟಿಲ್ಲ. ಫೋನಿನಿಂದ ಹೇಳೋಣವೆಂದರೆ ಪೆಟ್ಟಿಗೆ ಜಾಲದಲ್ಲಿಲ್ಲ. ಬೀಗದಕೈ ಕೋಣೆಯೊಳಗೇ ಉಳಿದಂತಾಯಿತು. ಇದಕ್ಕೊಂದು ಜಾಣ ಉಪಾಯವಿದೆ. ಒಂದು ಫೋನಿನ ಹಾಟ್‌ಸ್ಪಾಟಿಗೆ ಹಳೆಯ ವೈಫೈಯ ಹೆಸರನ್ನೂ ಗುಪ್ತಪದವನ್ನೂ ಅಕ್ಷರಶಃ ಇಡಬೇಕು. ಪೆಟ್ಟಿಗೆ ಹಳೆಯ ಗೆಳೆಯನೆಂದು ನಂಬಿ ಬಂದು ಸೇರುತ್ತದೆ. ಇನ್ನೊಂದು ಫೋನನ್ನೂ ಅದೇ ಹಾಟ್‌ಸ್ಪಾಟಿಗೆ ಸೇರಿಸಿ ಅದರ ಆ್ಯಪಿನಿಂದ ಪೆಟ್ಟಿಗೆಯನ್ನು ಆಳಬಹುದು.

ಇಷ್ಟೆಲ್ಲ ಪರೀಕ್ಷೆಗಳ ಬಳಿಕವೂ ರಿಮೋಟು ಮಾತಾಡದಿದ್ದರೆ ಅದರ ಮಂಡಲವೇ ಕೆಟ್ಟಿದೆಯೆಂದು ತೀರ್ಮಾನಿಸಬಹುದು. ಆಗ ಹೊಸದನ್ನು ಕೊಳ್ಳುವುದು ಸೋಲಲ್ಲ, ವಿಚಾರ ಮಾಡಿ ತಲುಪಿದ ನಿರ್ಣಯ. ಹಳೆಯದನ್ನು ಮನೆಯ ಕಸಕ್ಕೆ ಹಾಕದೆ ವಿದ್ಯುನ್ಮಾನ ಕಸವನ್ನು ಸ್ವೀಕರಿಸುವವರಿಗೆ ಒಪ್ಪಿಸತಕ್ಕದ್ದು.

ಹಾಳಾದ ಪಂಪು, ಹೊತ್ತಿಕೊಳ್ಳದ ದೀಪ, ತಾಳೆಯಾಗದ ಪ್ರಯೋಗಶಾಲೆಯ ಲೆಕ್ಕ ಎಲ್ಲಕ್ಕೂ ಕ್ರಮ ಇದೇ: ದಾರಿಯನ್ನು ಅರಿಯುವುದು, ಸರಪಣಿಯನ್ನು ಅರ್ಧಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ವಿದ್ಯಾರ್ಥಿಗಳು ತಮ್ಮ ಮನೆಯ ಅಥವಾ ನೆರೆಯ ಹಿರಿಯರ ಮನೆಯ ಮೌನವಾದ ರಿಮೋಟಿನಿಂದಲೇ ಇದನ್ನು ಆರಂಭಿಸಬಹುದು. ಅದಕ್ಕೆ ಬೇಕಾದ ಪ್ರಯೋಗಶಾಲೆ ಒಂದು ಜೊತೆ ಹೊಸ ಕೋಶ, ಒಂದು ಫೋನು, ಸ್ವಲ್ಪ ಹತ್ತಿ ಮತ್ತು ಒಂದು ನಿಂಬೆಹಣ್ಣು, ಇಷ್ಟೇ.